ಆರನೆಯ ಹೆಗಲು

ಎನಿಡ್ ಸಗ್ಡನ್ ಒಗೆದ ದುಪ್ಪಟಿಯನ್ನು ಬೀದಿಗೆ ಅಡ್ಡ ಕಟ್ಟಿದ ಹಗ್ಗದ ಮೇಲೆ ಹರವುತ್ತಿದ್ದಳು. ಸೋಮವಾರವಾದ್ದರಿಂದ ಬೀದಿಯ ಎಲ್ಲ ಮನೆಗಳ ಬಟ್ಟೆಯೂ ಹೊರಗಿತ್ತು. ಮಿಲ್ಲಿನ ಮೇಸ್ತ್ರಿ ಆ ಒದ್ದೆ ಬಟ್ಟೆಗಳ ಕೆಳಗೆ ಬಗ್ಗಿ ಬಗ್ಗಿ ಬಂದು, ಅವಳೆದುರು ನಿಂತು ಟೋಪಿ ತೆಗೆದ. ಟೋಪಿ ತೆಗೆದದ್ದೇ ಸಾಕಾಯಿತು. ಮಗ್ಗದ ಪಕ್ಕ ದಣಿವಾರಿಸಿಕೊಳ್ಳಲು ಕುಳಿತ ಅವಳ ಗಂಡ ಹರ್ಬರ್ಟ್ ಮತ್ತೆ ಏಳಲಿಲ್ಲವಂತೆ.

ಬಟ್ಟೆ ಹಗ್ಗದಲ್ಲೇ ಉಳಿಯಿತು. ಸಂಜೆ ಯಾರೋ ತೆಗೆದು, ಇಸ್ತ್ರಿ ಮಾಡಿ, ಬಾಗಿಲ ಬಳಿ ಇಟ್ಟುಹೋಗಿದ್ದರು.

ಗುರುವಾರ ಬೆಳಿಗ್ಗೆ ಶವಪೆಟ್ಟಿಗೆ ಮುಂದಿನ ಕೋಣೆಯಲ್ಲಿತ್ತು. ಸತ್ತವನ ಮರ್ಯಾದೆಗೆಂದು ಬೀದಿಯ ಕಿಟಕಿಗಳೆಲ್ಲ ಪರದೆ ಎಳೆದುಕೊಂಡಿದ್ದವು. ಅಡುಗೆಮನೆಯಲ್ಲಿ ಹರ್ಬರ್ಟನ ತಂಗಿ ಮೇವಿಸ್, ಬರುವವರಿಗೆಂದು ಬೇಯಿಸಿದ ಹಂದಿಮಾಂಸ ಕೊಯ್ಯುತ್ತಿದ್ದಳು.

"ಇನ್ನೂ ತೆಳ್ಳಗೆ ಕೊಯ್ದರೆ ಆಚೆ ಬೀದಿ ಕಾಣುತ್ತೆ ಕಣೇ," ಎಂದಳು ಎನಿಡ್.

"ಕಾಣ್ಲಿ ಬಿಡು. ತಿನ್ನೋಕೆ ಊರೇ ಬರುತ್ತೆ. ಹೊರೋಕೆ ಆರು ಜನ ಬೇಕು, ಇರೋದು ಮಾತ್ರ ಐದೇ."

ಎನಿಡ್‌ಳ ಎದೆಯ ಮೇಲಿದ್ದ ಕಲ್ಲು ಅದೇ. ಯುದ್ಧಕ್ಕೆ ಒಟ್ಟಿಗೆ ಹೋಗಿಬಂದ ಊರಿನ ಗಂಡಸರು ಒಬ್ಬರ ಪೆಟ್ಟಿಗೆಗೆ ಇನ್ನೊಬ್ಬರು ಹೆಗಲು ಕೊಡುತ್ತ ಬಂದಿದ್ದರು. ಅವರಲ್ಲಿ ಯಾರೂ ಬಾಡಿಗೆ ಹೆಗಲ ಮೇಲೆ ಹೋಗಿರಲಿಲ್ಲ. ಈಗ ಆರನೆಯವನಾಗಿ ಉಳಿದಿದ್ದವನು ಲೆಸ್ಲಿ ಕ್ರಾಬ್‌ಟ್ರೀ ಒಬ್ಬನೇ. ಪಾದ್ರಿಗಳು ಹೋಗಿ ಕೇಳಿದಾಗ ಅವನು ತಲೆಯಾಡಿಸಿದನೇ ಹೊರತು ಬರುತ್ತೇನೆ ಎನ್ನಲಿಲ್ಲ.

"ಅವನು ಬರಲ್ಲ ಮೇವಿಸ್. ಅವನ ತಮ್ಮನನ್ನ ಯುದ್ಧದಲ್ಲಿ ಬಿಟ್ಟುಬಂದೋನಿಗೆ ಅವನು ಹೇಗೆ ಹೆಗಲು ಕೊಡ್ತಾನೆ?"

"ನಮ್ಮಣ್ಣ ಬಿಟ್ಟುಬರ್ಲಿಲ್ಲ. ಸಹಾಯ ಕರೆಯೋಕೆ ಬಂದ."

"ಅದು ನಿಂಗೂ ನಂಗೂ ಗೊತ್ತು."

*

ಇಟಲಿಯ ಒಂದು ಹೊಳೆಯ ದಡದಲ್ಲಿ ಲೆಸ್ಲಿಯ ತಮ್ಮ ಟೆಡ್ ಕಾಲಿಗೆ ಗುಂಡು ತಗುಲಿ ಬಿದ್ದಿದ್ದ. ಹರ್ಬರ್ಟ್ ಜನರನ್ನು ಕರೆದುಕೊಂಡು ಹಿಂತಿರುಗುವಷ್ಟರಲ್ಲಿ ಅವನು ತೀರಿಹೋಗಿದ್ದ. ಇದನ್ನು ಹರ್ಬರ್ಟ್ ಹೆಂಡತಿಗೆ ಹೇಳಿದ್ದು ಒಂದೇ ಸಲ. ಊರಿಗೆ ಬಂದ ಮೇಲೆ ಅವನು ಹಾಸಿಗೆಯಲ್ಲಿ ಮಲಗುತ್ತಿರಲಿಲ್ಲ. ಕುರ್ಚಿಯಲ್ಲಿ ಕುಳಿತೇ ತೂಕಡಿಸುತ್ತಿದ್ದ.

ಯುದ್ಧ ಮುಗಿದು ಮೂರು ವರ್ಷವಾದಾಗ ಸಿನಿಮಾದವರು ಬಂದರು. ಸೈನ್ಯದಿಂದ ಮರಳಿ ಊರಲ್ಲಿ ದಿಕ್ಕುಕಾಣದೆ ಅಲೆಯುವವರ ಕತೆಯಂತೆ. ಗುಂಪಿನಲ್ಲಿ ನಿಲ್ಲಿಸಲು ಅವರಿಗೆ ನಿಜವಾದ ಸೈನಿಕರೇ ಬೇಕಾಗಿದ್ದರು. ಹರ್ಬರ್ಟ್ ಗೊಣಗುತ್ತಲೇ ಹೋದ. ಸಂಜೆ ಮೈಯೆಲ್ಲ ಕೆಸರಾಗಿ ಬಂದು, ಎರಡು ತಟ್ಟೆ ಊಟ ಮಾಡಿ, ಹಾಸಿಗೆಯಲ್ಲಿ ಉರುಳಿ ಬೆಳಗಿನವರೆಗೂ ನಿದ್ದೆ ಮಾಡಿದ.

"ಏನು ಮಾಡಿಸಿದ್ರು?" ಎಂದು ಕೇಳಿದ್ದಕ್ಕೆ, "ಸುಮ್ನೆ ಓಡಾಡಿಸಿದ್ರು," ಎಂದಷ್ಟೇ ಹೇಳಿದ.

ಚಿತ್ರ ಊರಿನ ಟಾಕೀಸಿಗೆ ಬಂದು ಒಂದು ವಾರವೂ ಓಡಲಿಲ್ಲ. ಅಳುವುದಕ್ಕೆ ಯಾರು ಕಾಸು ಕೊಡುತ್ತಾರೆ ಎಂದರು ಜನ. ಎನಿಡ್ ಒಬ್ಬಳೇ ಹೋಗಿ ನೋಡಿದಳು. ಯುದ್ಧದ ನೆನಪು ತೋರಿಸುವಾಗ, ಹೊಗೆಯೊಳಗೆ ಹರ್ಬರ್ಟನ ಬೆನ್ನು, ಹೆಗಲ ಮೇಲೆ ಯಾರದೋ ಜೋಲುಬಿದ್ದ ತೋಳು. ಕಣ್ಣುಮಿಟುಕಿಸುವಷ್ಟರಲ್ಲಿ ದೃಶ್ಯ ಮುಗಿದಿತ್ತು.

*

ಅಡುಗೆಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಲೆಸ್ಲಿ ನಿಂತಿದ್ದ. ಸೈನ್ಯದಿಂದ ಬಿಡುವಾಗ ಎಲ್ಲರಿಗೂ ಸರ್ಕಾರ ಕೊಟ್ಟಿದ್ದ ಬೂದು ಸೂಟು ಅವನ ಹೊಟ್ಟೆಯ ಮೇಲೆ ಬಿಗಿದಿತ್ತು.

"ತಡವಾಯ್ತು ಎನಿಡ್. ಈ ಗುಂಡಿ ಹಾಕೋಕೆ ನಮ್ಮನೆಯವಳು ಬೆಳಗಿಂದ ಒದ್ದಾಡಿದ್ಲು."

"ನೀನು ಬರ್ತೀಯ ಅಂದ್ಕೊಂಡಿರ್ಲಿಲ್ಲ."

"ಯಾಕೆ?" ಲೆಸ್ಲಿ ಅವಳ ಮುಖ ನೋಡಿದ. "ಸಿನಿಮಾದಲ್ಲಿ ಯಾರನ್ನ ಹೊತ್ತಿದ್ದು ಅಂತ ಅವನು ಹೇಳಲಿಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ನನ್ನನ್ನೇ. ನಮ್ಮಿಬ್ಬರ ವಿಷಯ ಆ ಲಂಡನ್ನಿನೋರಿಗೇನು ಗೊತ್ತು? ನೀನು ಬಿದ್ದಿರು, ನೀನು ಎತ್ಕೊಂಡು ಬಾ ಅಂದ್ರು. ಎತ್ಕೊಂಡ. ಸಾಕು, ನಿಲ್ಲು ಅಂತ ಕೂಗಿದ್ರು. ಪುಣ್ಯಾತ್ಮ ನಿಲ್ಲಲೇ ಇಲ್ಲ. ಕ್ಯಾಮೆರಾ ದಾಟಿದ, ಗೇಟು ದಾಟಿದ, ರಸ್ತೆಗೇ ಬಂದುಬಿಟ್ಟ. ಇಳಿಸೋ ಮಾರಾಯ ಅಂದೆ. ಮನೆ ಬರ್ಲಿ ಅಂದ. ನಮ್ಮಮ್ಮನ ಬಾಗಿಲಲ್ಲಿ ತಂದು ಇಳಿಸ್ದ."

ಮೇವಿಸ್‌ಳ ಚಾಕು ನಿಂತಿತ್ತು.

"ಅಮ್ಮ ಏನಂದ್ರು?" ಎಂದಳು ಎನಿಡ್.

"ತುಂಬ ಹೊತ್ತು ಅವನನ್ನೇ ನೋಡಿದ್ಲು. ಆಮೇಲೆ, ಕಾಲು ಒರೆಸ್ಕೊಂಡು ಬನ್ನಿ ಅಂದ್ಲು. ಇಬ್ಬರಿಗೂ ಟೀ ಕೊಟ್ಲು."

"ಮತ್ತೆ ಇಷ್ಟು ವರ್ಷ ನೀವಿಬ್ಬರೂ ಮಾತಾಡಿದ್ದು ನಾನು ನೋಡ್ಲೇ ಇಲ್ವಲ್ಲೋ!"

"ಮಾತಾಡೋಕೆ ಇನ್ನೇನು ಉಳಿದಿತ್ತು? ಮಿಲ್ಲಿನ ಬಸ್ಸಲ್ಲಿ ದಿನಾ ಪಕ್ಕದಲ್ಲೇ ಕೂರ್ತಿದ್ವಿ."

ಎನಿಡ್ ಗೋಡೆಗೆ ಒರಗಿದಳು. ಸೋಮವಾರದಿಂದ ಬಾರದಿದ್ದ ಅಳು ಈಗ ಬಂತು. ಅದರ ಜೊತೆಗೆ ಸಣ್ಣ ನಗುವೂ ಬಂತು.

ಆರು ಜನ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಬೀದಿಗೆ ತಂದರು. ಶವದ ಕಾರಿನವನು ಹಿಂದಿನ ಬಾಗಿಲು ತೆರೆದು ಹಿಡಿದು, "ನಿಧಾನ, ಇಲ್ಲಿ ಇಳಿಸಿ," ಎಂದ. ಮುಂದಿನ ಸಾಲಿನಲ್ಲಿದ್ದ ಲೆಸ್ಲಿ ನಿಲ್ಲಲಿಲ್ಲ. ಉಳಿದ ಐವರೂ ಏನೆಂದು ಕೇಳಲಿಲ್ಲ. ಅವನ ಹೆಜ್ಜೆಗೆ ಹೆಜ್ಜೆ ಹಾಕಿದರು. ಪೆಟ್ಟಿಗೆ ಕಾರನ್ನು ದಾಟಿತು, ಬೀದಿಯನ್ನು ದಾಟಿತು, ದಿಬ್ಬದ ಮೇಲಿನ ಪ್ರಾರ್ಥನಾಮಂದಿರದ ಕಡೆ ಏರತೊಡಗಿತು. ಖಾಲಿ ಕಾರು ಹಿಂದೆ ಮೆಲ್ಲಗೆ ಬರುತ್ತಿತ್ತು.

ಎನಿಡ್ ನಡೆಯುತ್ತಲೇ ಕೈಜೋಡಿಸಿದಳು. "ತಂದೆಯೇ, ಬಹಳ ಭಾರ ಹೊತ್ತವನು ಬರುತ್ತಿದ್ದಾನೆ. ನಿನ್ನ ಬಾಗಿಲಲ್ಲಿ ಇಳಿಸಿಕೋ. ಅವನಿಗೆ ಒಳ್ಳೆಯ ನಿದ್ದೆ ಕೊಡು. ಆಮೆನ್."