ಭುಜದ ಮೇಲಿನ ನಾಲ್ಕು ಬೆರಳು

ಇನ್ನೂ ಸ್ವಲ್ಪ ಹತ್ತಿರ ಬನ್ನಿ ಮೇಡಂ, ಎನ್ನುತ್ತಿದ್ದಾನೆ ಫೋಟೋದವನು, ಕಿಟಕಿಯ ಬೆಳಕು ಅವನ ಬೋಳುತಲೆಯ ಮೇಲೆ ಬಿದ್ದು ಜಾರುತ್ತಿದೆ, ಮೇಡಂ ಅಂದರೆ ನಾನೇ, ಬೆಳಗ್ಗಿನಿಂದ ಯಾರು ಮೇಡಂ ಅಂದರೂ ಹಿಂದೆ ತಿರುಗಿ ನೋಡುತ್ತಿದ್ದೇನೆ, ಹಿಂದೆ ಬರೀ ಗೋಡೆ, ಗೋಡೆಗೆ ತೂಗುಹಾಕಿದ, ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಂದು ಕಾಗದದ ಪ್ಯಾಟರ್ನುಗಳು, ತೋಳು, ಕಾಲರು, ಬೆನ್ನು, ಇನ್ನು ಮೇಲೆ ಇವೆಲ್ಲ ನನ್ನ ಸುಪರ್ದಿಗೆ, ಬಾಗಿಲ ಮೇಲೆ ನನ್ನ ಹೆಸರು, ಅದರ ಕೆಳಗೆ ಪ್ಯಾಟರ್ನ್ ವಿಭಾಗದ ಮುಖ್ಯಸ್ಥೆ ಎಂದು, ಒಳಗೆ ಬರುವಾಗ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಆ ಅಕ್ಷರಗಳನ್ನು ಒಮ್ಮೆ ಸವರಿದೆ, ಅಂಟಿಸಿದ್ದಲ್ಲ, ಕೊರೆದದ್ದು — ಎಲ್ಲರೂ ಫ್ರೇಮಲ್ಲಿ ಬರ್ಬೇಕು, ಹತ್ತಿರ, ಹತ್ತಿರ — ಕಂಪನಿಯ ಪುಟದಲ್ಲಿ ಇವತ್ತೇ ಹಾಕುತ್ತಾರಂತೆ, ನನ್ನ ಪ್ರೊಫೈಲಿನಲ್ಲೂ ಕಾಣುತ್ತದಂತೆ, ಕಾಣಲಿ, ಮೊದಲು ಅಲ್ಲಿದ್ದ ಫೋಟೋ ನೆನೆದರೆ ಈಗಲೂ ನಗು ಬರುತ್ತದೆ, ನಾಚಿಕೆಯೂ. ಅಣ್ಣನ ಮಗಳು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ನನ್ನ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಅತ್ತೆ, ಇದು ಯಾರ ಕೈ, ಯಾವ ಕೈಯೇ, ನಿಮ್ಮ ಭುಜದ ಮೇಲೆ ನಾಲ್ಕು ಬೆರಳಿದೆ ನೋಡಿ, ಒಂದಕ್ಕೆ ಉಂಗುರಾನೂ ಇದೆ! ನೋಡಿದೆ, ಇತ್ತು. ಕತ್ತರಿಸುವುದನ್ನೇ ಕಸುಬು ಮಾಡಿಕೊಂಡವಳು ನಾನು, ಬಟ್ಟೆಯಲ್ಲಿ ಕೂದಲೆಳೆಯಷ್ಟು ಓರೆಯಾದರೂ ಊಟ ಸೇರದವಳು, ಗುಂಪಿನ ಫೋಟೋದಿಂದ ನನ್ನನ್ನು ಕತ್ತರಿಸಿಕೊಳ್ಳುವಾಗ ಇನ್ನೊಬ್ಬರ ಕೈ ಉಳಿಸಿಕೊಂಡಿದ್ದೆ, ಅದನ್ನೇ ಹೊತ್ತುಕೊಂಡು ವರ್ಷಗಟ್ಟಲೆ ಲೋಕಕ್ಕೆಲ್ಲ ಮುಖ ತೋರಿಸಿದ್ದೆ. ನನ್ನ ಗಂಡ ಪೇಪರಿನಿಂದ ತಲೆಯೆತ್ತದೆ, ನನ್ನದಂತೂ ಅಲ್ಲಪ್ಪ, ನಾನು ಉಂಗುರ ಹಾಕಲ್ಲ, ಅಂದರು.

ದೊಡ್ಡ ಮಾಸ್ಟರ ಕೈ ಅದು, ಹಳೆಯ ಕಾರ್ಖಾನೆಯಲ್ಲಿ ನನ್ನ ಮೇಲಿದ್ದವರು, ಬಹುಮಾನದ ದಿನ ತೆಗೆದ ಫೋಟೋ, ಮಕ್ಕಳ ಮಳೆಕೋಟಿಗೆ ಬಹುಮಾನ, ಕೋಟಿಗೂ ಅಲ್ಲ, ಅದರ ಟೋಪಿಗೆ, ತಲೆ ತಿರುಗಿದ ಕಡೆಗೆ ತಾನೂ ತಿರುಗುವ ಟೋಪಿಗೆ. ಇದೇ ಹುಡುಗಿ ಆಗ ನನ್ನ ಸೊಂಟದೆತ್ತರ, ಮಳೆಯಲ್ಲಿ ರಸ್ತೆ ದಾಟುವಾಗ ಬಲಕ್ಕೆ ನೋಡು ಅಂದೆ, ನೋಡಿದಳು, ತಲೆ ತಿರುಗಿತು, ಟೋಪಿ ತಿರುಗಲಿಲ್ಲ, ಮಗು ನೋಡಿದ್ದು ಟೋಪಿಯ ಒಳಬಟ್ಟೆಯನ್ನು, ಸ್ಕೂಟರು ಸವರಿಕೊಂಡೇ ಹೋಯಿತು. ಮಾರನೆಯ ದಿನ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಆ ಕಡೆ ನೋಡು ಪುಟ್ಟಿ, ಈ ಕಡೆ ನೋಡು, ಕತ್ತಿನ ಹತ್ತಿರ ಎರಡು ನೆರಿಗೆ, ಹಣೆಯ ಪಟ್ಟಿ ಬಿಗಿ, ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ, ಅತ್ತೆ ನಂಗೆ ಹಸಿವು, ಇನ್ನೊಂದ್ಸಲ ಕಣೇ, ಇನ್ನೊಂದೇ ಸಲ — ವೇದಿಕೆಯಲ್ಲಿ ಕರೆದದ್ದು ಮಾಸ್ಟರ ಹೆಸರು. ಅವರು ಇಳಿದು ಬಂದು ನನ್ನ ಭುಜದ ಮೇಲೆ ಕೈಯಿಟ್ಟು, ನಮ್ಮ ಹುಡುಗಿ, ತುಂಬಾ ಸಹಾಯ ಮಾಡಿದ್ಲು, ಅಂದರು, ನಾನು ಹಲ್ಲು ಕಿರಿದೆ, ಕ್ಲಿಕ್. ಕೆಟ್ಟವರಲ್ಲ ಅವರು, ನನಗೆ ಕತ್ತರಿ ಹಿಡಿಯಲು ಕಲಿಸಿದ್ದೇ ಅವರು, ಹಾಗಾಗಿಯೇ ಕೈ ಭಾರ ಅನ್ನಿಸಲಿಲ್ಲ, ಅವರು ನಿವೃತ್ತರಾಗಿ ಆ ಕುರ್ಚಿಗೆ ಹೊರಗಿನವರು ಬಂದು ಕೂತಾಗಷ್ಟೇ ಅನ್ನಿಸಿತು, ನಿಮ್ದೆಲ್ಲ ಸಹಾಯಕರ ಕೆಲಸ ಅಲ್ವಾ, ನಿಮ್ಮ ಪ್ರೊಫೈಲಲ್ಲೇ ಹಾಗಿದೆಯಲ್ಲ, ಅಂದರು ಮ್ಯಾನೇಜರು, ಹೌದು, ಹಾಗೇ ಇತ್ತು, ನಾನೇ ಬರೆದದ್ದು. ನೆರವಾದೆ, ಸಹಕರಿಸಿದೆ, ಕೈಜೋಡಿಸಿದೆ, ಕಟ್ಟೆಯ ಮೇಲಿನ ಹುಡುಗಿ ಗಟ್ಟಿಯಾಗಿ ಓದಿ, ಅತ್ತೆ, ಇದೇನು ಉದ್ಯೋಗಾನಾ, ಸಮಾಜಸೇವೆನಾ? ನನ್ನ ಬೆನ್ನು ನಾನೇ ತಟ್ಕೊಂಡ ಹಾಗಾಗುತ್ತೆ ಕಣೇ. ತಟ್ಕೊಳ್ಳಿ, ತಟ್ಟಬೇಕಾದವರು ಕೈ ಅಲ್ಲೇ ಮರೆತು ಹೋಗಿದ್ದಾರೆ.

ಬರೆದೆ, ಟೋಪಿಯ ವಿನ್ಯಾಸ ನನ್ನದು, ಎಂದು, ಬರೆದು ಅಳಿಸಿದೆ, ಅಳಿಸಿ ಬರೆದೆ, ಅವಳು ನನ್ನ ಬೆರಳನ್ನೇ ಹಿಡಿದು ಒತ್ತಿಸಿದಳು, ಹೋಯಿತು. ಆಮೇಲೆ ಅವಳ ಈಗಿನ ತಲೆಯ ಅಳತೆಗೆ ಅದೇ ಟೋಪಿ ಹೊಲಿದೆ, ಬಾಲ್ಕನಿಯಲ್ಲಿ ಅವಳು ಎಡಕ್ಕೂ ಬಲಕ್ಕೂ ಗತ್ತಿನಿಂದ ತಿರುಗುವುದು, ನನ್ನ ಗಂಡ ಸ್ಟೂಲು ಹತ್ತಿ ಚೊಂಬಿನಿಂದ ಮಳೆ ಸುರಿಸುವುದು, ಕೆಳಗಿನ ಮನೆಯವರು ಯಾರ್ರೀ ಅದು ಎಂದು ಕೂಗುವುದು, ಎಲ್ಲ ವಿಡಿಯೋದಲ್ಲಿದೆ, ಅದನ್ನೂ ಪ್ರೊಫೈಲಿಗೆ ಹಾಕಿದೆವು, ನೋಡಿದವರು ಇನ್ನೊಬ್ಬರಿಗೆ ಕಳಿಸಿದರು, ಅವರು ಮತ್ತೊಬ್ಬರಿಗೆ, ಅದರ ಕೆಳಗೆ ಬಂತು ನೋಡು ದೊಡ್ಡ ಮಾಸ್ಟರ ಮಾತು, ನಮ್ಮ ಹುಡುಗಿ, ನಾನೇ ಬೆಳೆಸಿದ್ದು — ಅಲ್ಲಿಗೂ ಬಂತಲ್ಲ ಆ ಕೈ! ನಾನು ಸುಮ್ಮನಿರೇ ಅನ್ನುವುದರೊಳಗೆ ಇವಳು, ಸರ್, ಆ ಟೋಪಿ ಹೊಲಿದದ್ದು ನನ್ನ ತಲೆ ಮೇಲೆ, ನೀವು ಅಲ್ಲಿರಲಿಲ್ಲ, ಎಂದು ಬರೆದುಬಿಟ್ಟಳು. ನಾನು ಫೋನು ತೆರೆದು ತೆರೆದು ನೋಡಿದೆ, ಆಮೇಲೊಂದು ಬೆಳಗ್ಗೆ ಅವರದು ಒಂದೇ ಸಾಲು, ಹೌದಮ್ಮಾ, ಅದು ಅವಳದೇ. ಅತ್ತೆ ನಾನು, ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವ ವಯಸ್ಸಿನವಳು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ, ಖುಷಿಗೆ. ಅದನ್ನೇ ಓದಿದ್ದರಂತೆ ಇಲ್ಲಿಯ ಯಜಮಾನಿ, ಸಂದರ್ಶನದಲ್ಲಿ ಕೇಳಿದ್ದೂ ಅದನ್ನೇ, ಟೋಪಿ ನಿಮ್ದೇನಾ, ನಂದೇ ಅಂದೆ, ಗೆದ್ದೆ ಕಣೇ ಪುಟ್ಟಿ ಎಂದು ಲಿಫ್ಟಿನಲ್ಲೇ ಫೋನು ಮಾಡಿದೆ — ರೆಡಿನಾ ಮೇಡಂ, ನಗಿ, ಎನ್ನುತ್ತಾನೆ, ನಗುತ್ತೇನೆ, ಹೇಳಬೇಕೇ, ಪಕ್ಕದಲ್ಲಿ ಸ್ಯಾಂಪಲ್ ಕತ್ತರಿಸುವವಳು, ಬೆಳಗ್ಗೆ ಅವಳು ತೋರಿಸಿದ ತೋಳಿನ ಪ್ಯಾಟರ್ನು ಎಷ್ಟು ಅಚ್ಚುಕಟ್ಟು, ಕಂಕುಳಲ್ಲಿ ಒಂದು ಸುಕ್ಕಿಲ್ಲ, ನನಗೂ ಹೊಳೆಯದ ಉಪಾಯ, ಹೆಮ್ಮೆ ಉಕ್ಕಿ ಬರುತ್ತದೆ, ನಮ್ಮ ಹುಡುಗಿ ಎಂದು ನಾಲಿಗೆಯ ತುದಿಗೆ ಬಂದೇಬಿಟ್ಟಿದೆ, ನನ್ನ ಕೈ ತಾನಾಗಿ ಮೇಲೆದ್ದಿದೆ, ಅವಳ ಭುಜದತ್ತ, ಬೆರಳು ಅಗಲಿಸಿ — ಯಾರ ಕೈ ಇದು — ನಿಂತಿದೆ ಗಾಳಿಯಲ್ಲಿ, ಒಂದು ನಿಮಿಷ ತಡಿಯಪ್ಪಾ ಎನ್ನುತ್ತೇನೆ ಫೋಟೋದವನಿಗೆ, ಅವಳಿಗೆ, ನಿನ್ನ ಆ ತೋಳು ತಗೊಂಬಾ, ನೀನೇ ಹಿಡ್ಕೊಂಡು ಮುಂದೆ ನಿಲ್ಲು, ಕಾಗದ ಸರಸರ ಎನ್ನುತ್ತದೆ, ಅವಳು ಮುಂದೆ ಬರುತ್ತಾಳೆ, ನಾನು ಕೈ ಇಳಿಸುತ್ತೇನೆ, ಕತ್ತರಿಸುವ ಮೇಜಿನ ಮೇಲೆ, ನಾಲ್ಕು ಬೆರಳು, ಚಾಕ್‌ಪೀಸಿನ ಪುಡಿ ಮೆತ್ತಿದ ನಾಲ್ಕು ಬೆರಳು, ನನ್ನವು, ನಾಲ್ಕು ಬೆರಳು —