ಬಿಡದ ಉಸಿರು

ಹುಮನಾಬಾದಿನ ಬಸ್ಸಿನಲ್ಲಿ ಕೂತ ಅಂಬರೀಷಪ್ಪನಿಗೆ ಫೋನಿನಲ್ಲಿ ಪೀರ್ ಪಾಷಾನ ಮಗಳು ಮೀನಾಜ್ ಆಡಿದ ಮಾತೇ ಕಿವಿಯಲ್ಲಿತ್ತು. "ಅಬ್ಬಾಗ ದಮ್ಮು ಭಾಳ ಆಗ್ಯಾದ್ರಿ ಕಾಕಾ, ಒದ್ದಾಡಾಕತ್ಯಾರ. ಕಲ್ಯಾಣದಾಗ ಅಷ್ಟು ಮಂದಿಗಿ ಉಸಿರಾಟ ಕಲಸ್ತೀರಿ, ನಿಮ್ಮ ದೋಸ್ತಗ ಒಂದ್ಸಲ ಕಲಸ್ರಲ್ಲ."

ದೋಸ್ತ! ಪೀರ್ ಪಾಷಾನ ಮುಖ ಕಂಡು ನಲವತ್ತೆರಡು ವರ್ಷ.

ಆಗ ಇಬ್ಬರೂ ಕಲ್ಯಾಣದ ಶರಣಯ್ಯ ಮುತ್ಯಾನ ಹತ್ತಿರ ಯೋಗ ಕಲಿಯುತ್ತಿದ್ದರು. ಚಪ್ಪರದ ಕೆಳಗೆ ಹಣತೆ ಹಚ್ಚಿಟ್ಟು, ಕುಡಿ ಅಲುಗದ ಹಾಗೆ ಉಸಿರು ಬಿಡಬೇಕು. ಅಂಬರೀಷಪ್ಪನಿಗೆ ಹಿಡಿಯುವ ಹಟವೇ ಹೆಚ್ಚು. ಮುತ್ಯಾ ನಗುತ್ತಿದ್ದ: "ಹಿಡಿಯೂದು ಕೆರ್ಯಾಗ ಮುಳುಗಿದ ಎಮ್ಮಿಗೂ ಬರ್ತದ. ಬಿಡೂದು ಕಲಿ ತಮ್ಮಾ. ಒಳಗ ಅಡಗಿದ್ದೆಲ್ಲಾ ಅದರ ಸಂಗಟ ಹೊರಗ ಬರಬೇಕು. ಉಸಿರು ಇರೂದೇ ಅದಕ."

ಅವತ್ತು ದೀಪದ ಪಾಳಿ ಪೀರ್ ಪಾಷಾನದು. ಅವನು ಆರಿಸಿ ಹೋದ ಮೇಲೆ, ಇನ್ನೊಮ್ಮೆ ಹಿಡಿದು ನೋಡೋಣವೆಂದು ಮತ್ತೆ ಹಚ್ಚಿದವನು ಅಂಬರೀಷಪ್ಪ. ಆರಿಸಲು ಮರೆತ. ಚಪ್ಪರ ಬೂದಿಯಾಯಿತು. ಮುತ್ಯಾ ಪೀರ್ ಪಾಷಾನನ್ನು ಎಲ್ಲರ ಮುಂದೆ ಬೈದು ಹೊರಗೆ ಹಾಕಿದ. ಅಂಬರೀಷಪ್ಪ ಉಸಿರು ಬಿಡಲಿಲ್ಲ. ಮರುವಾರ ಪೀರ್ ಪಾಷಾ ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುವ ಹಮಾಲಿಗೆ ಸೇರಿದ. ಆ ಧೂಳೇ ಎದೆಯಲ್ಲಿ ಕೂತಿತು.

ಅಂಬರೀಷಪ್ಪ ಮನೆಯೊಳಗೆ ಕಾಲಿಟ್ಟಾಗ, ಗೋಡೆಗೆ ದಿಂಬಿಟ್ಟು ಕೂತಿದ್ದ ಪೀರ್ ಪಾಷಾನ ಎದೆ ಸೀಟಿ ಊದುತ್ತಿತ್ತು. "ಬಾರೋ ಎಮ್ಮಿ," ಎಂದ. "ಇನ್ನಾ ಮುಳುಗೇ ಇದ್ದೀ?"

"ಮಾತು ಸಾಕು. ಮೆಲ್ಲಕ ಬಿಡು. ನಾ ಎಣಸ್ತೀನಿ."

ಮೂರಕ್ಕೇ ಕೆಮ್ಮು ಬಂತು. "ನಂದಿರಲಿ, ನೀ ಬಿಟ್ಟು ತೋರಸು."

ಅಂಬರೀಷಪ್ಪ ಬಿಡಲು ಹೋದ. ಉಸಿರಿನ ಬದಲು ಮಾತು ಬಂತು. "ಪಾಷಾ, ಅವತ್ತು ಹಣತಿ ನೀ ಆರಿಸಿದ್ದಿ. ಮತ್ತ ಹಚ್ಚಿದಂವ ನಾ."

ಬೈಗುಳಕ್ಕೆ ತಲೆ ತಗ್ಗಿಸಿ ಕೂತ. ಬೈಗುಳ ಬರಲಿಲ್ಲ.

"ಆರಿಸಿದ್ನಾ?" ಪೀರ್ ಪಾಷಾನ ದನಿ ಸಣ್ಣಗಾಯಿತು. "ಖರೇನೇ ಆರಿಸಿದ್ನಾ? ನಾನೇ ಮರ್ತೀನಂತ ತಿಳಕೊಂಡಿದ್ನಲ್ಲೋ. ಆ ನಾಚಿಕಿಗೆ, ಶರಮಿಗೆ ಮುತ್ಯಾನ ಮಣ್ಣಿಗೂ ಬರಲಿಲ್ಲ ನಾ."

ಮುತ್ಯಾನನ್ನು ಮಣ್ಣು ಮಾಡಿ ಮೂವತ್ತು ವರ್ಷವಾಗಿತ್ತು. ಅಲ್ಲಿ ಮೊದಲ ಹಿಡಿ ಮಣ್ಣು ಹಾಕಿದವನು ಅಂಬರೀಷಪ್ಪನೇ.

ಚಹಾ ತಂದ ಮೀನಾಜ್, "ಕಾಕಾ, ಅಬ್ಬಾ ಬಿಡಾಕತ್ಯಾರ ನೋಡ್ರಿ, ಎಣಸ್ರಿ," ಎಂದಳು.

ಪೀರ್ ಪಾಷಾ ಕಣ್ಣು ಮುಚ್ಚಿ ಮೆಲ್ಲಗೆ ಬಿಡುತ್ತಿದ್ದ. ಒಂದು, ಎರಡು. ಉಸಿರು ಇನ್ನೂ ಹೊರಗೆ ಬರುತ್ತಲೇ ಇತ್ತು; ಅದರ ಮುಂದೆ ಅಂಬರೀಷಪ್ಪನಿಗೆ ಎಣಿಸಲಾಗಲಿಲ್ಲ.