ಸಾವಿನ ಕುಣಿತದಲ್ಲಿ ಫೂಮಳ ಕೂಸು

"ಲೋ ಮಿಕುಲ, ಇದು ಫೂಮಳ ಕೂಸಲ್ವೇನೋ?" ಪಾದ್ರಿ ಬ್ಲಾಜ್ ಗೋಡೆಯತ್ತ ಹೆಬ್ಬೆರಳು ತೋರಿಸಿ ಕೇಳಿದರು.

ಮಿಕುಲ ಕುಂಚ ತೊಳೆಯುವ ನೆಪದಲ್ಲಿ ಬಗ್ಗಿದ. ಇಗರ್ಜಿಯ ಗೋಡೆಯ ತುಂಬ ಅವನೇ ಬರೆದ ಸಾವಿನ ಕುಣಿತ. ಪೋಪು, ರಾಜ, ವ್ಯಾಪಾರಿ, ಒಬ್ಬೊಬ್ಬರ ಕೈ ಹಿಡಿದು ಎಳೆಯುವ ಒಂದೊಂದು ಎಲುಬಿನ ಗೂಡು. ಎಲ್ಲರ ಹಿಂದೆ, ತೊಟ್ಟಿಲಿನಿಂದ ಎದ್ದು ಬಂದ ಕೂಸು. ಆ ಕೆನ್ನೆಯ ಗುಳಿ, ಮಡಿಸಿದಂಥ ಕಿವಿ, ಎಲ್ಲ ಫೂಮಳ ಮಗ ಟೋನೆಯದೇ.

"ಕೂಸುಗಳೆಲ್ಲ ಒಂದೇ ಥರ ಇರ್ತವೆ ಸ್ವಾಮಿ."

"ನಿನ್ ತಲೆ! ಆ ಕಿವಿ ಇಡೀ ಇಸ್ಟ್ರಿಯಾ ಸೀಮೆಯಲ್ಲಿ ಇನ್ಯಾರಿಗಿದೆಯೋ? ಅವಳು ಒಪ್ಪಿದ್ಲಾ?"

ಒಪ್ಪಿದ್ದಳು, ಬಾಲಯೇಸುವಿನ ಚಿತ್ರಕ್ಕೆ ಎಂದು ಮಿಕುಲ ಸುಳ್ಳು ಹೇಳಿದ್ದಕ್ಕೆ. ಚಳಿಗಾಲವೆಲ್ಲ ಅವಳ ಮನೆಯಲ್ಲೇ ಉಂಡು, ಅವಳ ಒಲೆಯ ಪಕ್ಕದಲ್ಲೇ ಕೂತು ಮಗುವಿನ ಮುಖ ಬರೆದುಕೊಂಡಿದ್ದ. ಆ ಕುಣಿತಕ್ಕೆ ಯಾರ ಮುಖ ಸೇರುತ್ತದೋ ಅವರು ವರ್ಷ ದಾಟುವುದಿಲ್ಲ ಎಂದು ಊರು ನಂಬಿತ್ತು. ಆ ಮಾತಿಗೆ ಮಿಕುಲ ನಗುತ್ತಿದ್ದ. ಈಗ ಟೋನೆಗೆ ಬಿಡದ ಜ್ವರ.

"ಫೂಮ ಮಗೂನ ಎತ್ಕೊಂಡು ಬರ್ತಿದಾಳೆ," ಎಂದರು ಪಾದ್ರಿ. "ನೀನು ಬರೆದಿರೋ ಯೇಸುವಿನ ಪಾದಕ್ಕೆ ಮಗೂನ ಹಣೆ ಮುಟ್ಟಿಸ್ತಾಳಂತೆ. ಯಾವ ಪಾದ ತೋರಿಸ್ತೀಯೋ ತೋರಿಸಪ್ಪ." ನಿಲುವಂಗಿ ಕೊಡವಿಕೊಂಡು ಹೊರಟೇಹೋದರು.

ಸುಣ್ಣ ಬಳಿದರೆ ಅದು ಒಣಗುವ ತನಕ ಒಳಗಿನದೆಲ್ಲ ಕಾಣುತ್ತದೆ. ಹಸಿ ಗಾರೆಗೆ ಹಚ್ಚಿದ ಬಣ್ಣವನ್ನು ಗೋಡೆಯೇ ಕುಡಿದುಬಿಟ್ಟಿತ್ತು, ತೊಳೆದರೂ ಹೋಗದು. ಅವಳು ಬರುವಷ್ಟರಲ್ಲಿ ಕೆತ್ತಿ ಬೀಳಿಸದೆ ಬೇರೆ ದಾರಿಯಿಲ್ಲ. ಮಿಕುಲ ಉಳಿ, ಸುತ್ತಿಗೆ ಹಿಡಿದು ಏಣಿ ಹತ್ತಿದ. ಮೂಗು ಹೋಯಿತು. ಗುಳಿಯಿದ್ದ ಕೆನ್ನೆ ಉದುರಿತು. ಹಾಳು ಕಿವಿ ಮಾತ್ರ ಅಲುಗಲಿಲ್ಲ. ಹಲ್ಲು ಕಚ್ಚಿಕೊಂಡು ಮತ್ತೆ ಮತ್ತೆ ಹೊಡೆದ.

ಹಿಂದೆ ಮಗು ಕೆಮ್ಮಿದ ಸದ್ದು.

"ಮಿಕುಲಣ್ಣ, ಅದ್ಯಾಕೆ ನನ್ನ ಮಗೂಗೆ ಹೊಡೀತಿದೀಯ?"

ಫೂಮ ಕಂಬಳಿಯಲ್ಲಿ ಸುತ್ತಿದ ಟೋನೆಯನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

"ಹೊಡೀತಿಲ್ಲಮ್ಮ... ನೀನು ನೋಡ್ಬಾರ್ದು ಅಂತ..."

"ಏನನ್ನ?"

ಅವಳ ಕಣ್ಣು ಉಳಿಯ ಕೆಳಗೆ ಇಳಿಯಿತು. ಮುಖ ಹೋಗಿತ್ತು; ಮಡಿಸಿದಂಥ ಕಿವಿ, ಪುಟ್ಟ ಮಣಿಕಟ್ಟು ಉಳಿದಿದ್ದವು, ಮಣಿಕಟ್ಟನ್ನು ಸುತ್ತಿ ಹಿಡಿದ ಎಲುಬಿನ ಬೆರಳುಗಳೂ.

"ಯೇಸು ಅಂದಿದ್ಯಲ್ಲೋ," ಎಂದಳು. ಮಗುವನ್ನು ಇಳಿಸದೆ ಮಂಡಿಯೂರಿ, ನೆಲಕ್ಕೆ ಬಿದ್ದ ಗಾರೆಯ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಮಡಿಲಿಗೆ ಹಾಕಿಕೊಳ್ಳತೊಡಗಿದಳು.

ಮಿಕುಲ ಏಣಿಯಿಂದ ಇಳಿಯಲು ಕಾಲು ಚಾಚಿದ.

"ಅಲ್ಲೇ ಇರು. ತುಳಿದ್ಬಿಟ್ಟೀಯ."

ಚಾಚಿದ ಕಾಲನ್ನು ಅವನು ಕೆಳಗಿಡಲಿಲ್ಲ. ಅವಳ ಹೆಗಲ ಮೇಲಿಂದ ಕೂಸು ಜ್ವರದ ಕಣ್ಣು ತೆರೆದು ಅವನನ್ನೇ ನೋಡುತ್ತಿತ್ತು.